ಕೊಂಡದ್ದು, ಓದಿದ್ದು, ಕಳೆದದ್ದು

ನಮ್ಮ ಮನೆಗೆ ಮೊದಲ ಸಲ ಬಂದವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. "ಇಷ್ಟನ್ನೂ ಓದಿದ್ದೀರಾ ಮೇಡಂ?" ಈ ಮಾತಿಗೆ ನಾನು ನಕ್ಕು ಕಾಫಿ ತರಲು ಒಳಗೆ ಹೋಗುತ್ತಿದ್ದೆ. ಕೇಳಿದವರು ಆ ನಗುವನ್ನು 'ಹೌದು' ಎಂದೇ ತಿಳಿದುಕೊಳ್ಳುತ್ತಿದ್ದರು. ಹಾಗೆ ತಿಳಿದುಕೊಳ್ಳಲಿ ಎಂದೇ ನಾನೂ ನಗುತ್ತಿದ್ದೆ.

ಕಳೆದ ಬೇಸಿಗೆ ರಜೆಯಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸಬೇಕಾಗಿ ಬಂತು. ಬಣ್ಣದವರು ಬರುವ ಮುಂಚೆ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ನಡುಮನೆಯಲ್ಲಿ ಒಟ್ಟಿದ್ದಾಯಿತು. ಇಳಿಸಿದ ಮೇಲೆ ಎಣಿಸಿಯೇ ಬಿಡೋಣ ಎನ್ನಿಸಿತು. ಮಾರ್ಕ್ಸ್ ಕಾರ್ಡು ಬರೆದು ಅಭ್ಯಾಸವಿರುವ ಕೈ, ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಕಾಲಂ ಹಾಕಿ ಬರೆಯುತ್ತಾ ಹೋಯಿತು. ಒಟ್ಟು 1,840 ಪುಸ್ತಕ. ಕೊನೆಯ ಪುಟದವರೆಗೆ ಓದಿದ್ದು 1,060. ಅರ್ಧಕ್ಕೆ ಬಿಟ್ಟದ್ದು 310. ಉಳಿದ 470 ಪುಸ್ತಕಗಳನ್ನು ಕೊಂಡ ದಿನ ಮೂಸಿ ನೋಡಿ, ಮೊದಲ ಪುಟದಲ್ಲಿ ಹೆಸರು ಮತ್ತು ತಾರೀಕು ಬರೆದು ಕಪಾಟಿನಲ್ಲಿ ಇಟ್ಟವಳು ಮತ್ತೆ ಮುಟ್ಟಿರಲಿಲ್ಲ. ಇವುಗಳಲ್ಲಿ 27 ಪುಸ್ತಕಗಳು ಎರಡೆರಡು ಪ್ರತಿ ಇದ್ದವು. ಮನೆಯಲ್ಲಿದೆ ಎನ್ನುವುದೇ ಮರೆತು ಮತ್ತೆ ಕೊಂಡಿದ್ದೆ.

ನಮ್ಮ ಯಜಮಾನರು ಆ ಪಟ್ಟಿಯನ್ನು ನೋಡಿ ಏನೂ ಅನ್ನಲಿಲ್ಲ. ಅವರು ಅನ್ನಬೇಕಾದ್ದನ್ನು 2006ರಲ್ಲೇ ಅಂದು ಮುಗಿಸಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ಶಿವಮೊಗ್ಗದಲ್ಲಿ 73ನೆಯ ಸಾಹಿತ್ಯ ಸಮ್ಮೇಳನ ನಡೆಯಿತು. ಊರ ಬಾಗಿಲಿಗೇ ಬಂದ ಹಬ್ಬ. ಅಷ್ಟೂ ದಿನ ನಾನು ಭಾಷಣದ ಪೆಂಡಾಲಿಗಿಂತ ಹೆಚ್ಚು ಹೊತ್ತು ಪುಸ್ತಕದ ಮಳಿಗೆಗಳಲ್ಲಿದ್ದೆ. ಕೊನೆಯ ದಿನ ಎರಡು ರಟ್ಟಿನ ಪೆಟ್ಟಿಗೆಗಳೊಂದಿಗೆ ಆಟೋದಲ್ಲಿ ಬಂದಿಳಿದಾಗ ಅವರು ಬಾಗಿಲಲ್ಲೇ ನಿಂತು, "ಸೀರೆ ತಂದ್ರೆ ಉಡ್ತೀಯ, ಪಾತ್ರೆ ತಂದ್ರೆ ಅಡಿಗೆ ಮಾಡ್ತೀಯ. ಇದನ್ನ ಏನು ಮಾಡ್ತೀಯ?" ಎಂದರು. ಓದುತ್ತೇನೆ ಎಂದೆ. "ಹಳೇದನ್ನ ಓದಿ ಮುಗಿಸಿದ್ದೀಯಾ?" ಎಂದರು. ಆಟೋದವನಿಗೆ ಚಿಲ್ಲರೆ ಕೊಡುವ ನೆವದಲ್ಲಿ ನಾನು ಆ ಪ್ರಶ್ನೆಯಿಂದ ತಪ್ಪಿಸಿಕೊಂಡೆ.

ನಮ್ಮ ಕಡೆ ಇದಕ್ಕೆ 'ಪುಸ್ತಕದ ಹುಚ್ಚು' ಎಂಬ ಹೆಸರಿದೆ. ಗಂಡಸರಿಗೆ ಇದೇ ಹುಚ್ಚು ಹಿಡಿದರೆ ಜನ 'ವ್ಯಾಸಂಗ' ಎನ್ನುತ್ತಾರೆ. ಹೆಂಗಸರಿಗಾದರೆ 'ವ್ಯಸನ' ಎನ್ನುತ್ತಾರೆ. ಒಮ್ಮೆ ಕುತೂಹಲಕ್ಕೆ ನಿಘಂಟು ತೆಗೆದು ನೋಡಿದೆ. ನಾವು ಅಧ್ಯಯನ ಎಂಬ ಅರ್ಥದಲ್ಲಿ ಗೌರವದಿಂದ ಆಡುವ ವ್ಯಾಸಂಗ ಶಬ್ದಕ್ಕೂ ಸಂಸ್ಕೃತದಲ್ಲಿ ಅತಿಯಾದ ಅಂಟು, ಬಿಡಲಾರದ ಆಸಕ್ತಿ ಎಂದೇ ಅರ್ಥ. ಅಂದಮೇಲೆ ಎರಡಕ್ಕೂ ನಡುವೆ ಅಂಥ ದೂರವೇನಿಲ್ಲ. ಆದರೂ ನನ್ನ ಹುಚ್ಚು ಯಾವ ಜಾತಿಯದು ಎಂದು ಕಂಡುಕೊಳ್ಳಲು ನಿಘಂಟು ಸಾಲಲಿಲ್ಲ. ಅದಕ್ಕೆ ನಾನು ಅಮ್ಮನ ಕಡೆಗೇ ತಿರುಗಬೇಕಾಯಿತು.

ನಾನು ಬೆಳೆದದ್ದು ಭದ್ರಾವತಿಯ ಪೇಪರ್ ಟೌನಿನಲ್ಲಿ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್‌ನಲ್ಲಿ ಅಪ್ಪನಿಗೆ ಕೆಲಸ. ಬಿದಿರು, ಮರ ಬೇಯುವ ವಾಸನೆಯಲ್ಲೇ ನಾವು ಹುಟ್ಟಿ ಬೆಳೆದವರು. ಹೊಸಬರು ಮೂಗು ಮುಚ್ಚಿಕೊಂಡರೆ ನಮಗೆ ನಗು. 1980ರ ದಶಕದಲ್ಲಿ ಪತ್ರಿಕೆಗಳು ಅಚ್ಚಾಗುವ ಕಾಗದವೂ ಅಲ್ಲಿ ತಯಾರಾಗತೊಡಗಿತು. ಈಗ ಆ ಕಾರ್ಖಾನೆ ನಿಂತು ಹೋಗಿ ವರ್ಷಗಳೇ ಆಗಿವೆ. ಊರಿಗೆಲ್ಲ ಕಾಗದ ಒದಗಿಸುವ ಊರಿನಲ್ಲಿದ್ದರೂ ನಮ್ಮ ಮನೆಯಲ್ಲಿ ಶಾಲೆಯ ಪಠ್ಯ, ಪಂಚಾಂಗ ಬಿಟ್ಟರೆ ದುಡ್ಡು ಕೊಟ್ಟು ಕೊಂಡ ಪುಸ್ತಕ ಒಂದೂ ಇರಲಿಲ್ಲ.

ಅಮ್ಮ ಓದುತ್ತಿದ್ದುದು ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿಗಳನ್ನು. ದಿನಕ್ಕೆ ಹತ್ತು ಪೈಸೆ ಬಾಡಿಗೆ. ತಂದು ಕೊಡುವವಳು ನಾನು. ಮೂರು ದಿನ ಮೀರಿದರೆ ಬಾಡಿಗೆ ಹೆಚ್ಚುತ್ತದೆಂದು ಅಮ್ಮ ಎರಡೇ ದಿನದಲ್ಲಿ ಮುಗಿಸುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ನಿಂತುಕೊಂಡು ಓದುತ್ತಿದ್ದಳು. ಅಪ್ಪ ರಾತ್ರಿ ಪಾಳಿಗೆ ಹೋದ ದಿನ ನಡುಮನೆಯ ದೀಪ ಹನ್ನೊಂದರವರೆಗೂ ಉರಿಯುತ್ತಿತ್ತು. ಯಾರಾದರೂ ಬಂದ ಸದ್ದಾದರೆ ಪುಸ್ತಕ ಅಕ್ಕಿ ಡಬ್ಬದ ಹಿಂದೆ ಸೇರುತ್ತಿತ್ತು. "ಕಾದಂಬರಿ ಓದಿ ಓದಿ ಹೆಂಗಸರ ತಲೆ ಕೆಡುತ್ತೆ" ಎಂದು ನಮ್ಮ ಅಜ್ಜಿ, ಅಂದರೆ ಅಮ್ಮನ ಅತ್ತೆ, ಹೇಳುತ್ತಿದ್ದುದು ನನಗಿನ್ನೂ ನೆನಪಿದೆ. ತ್ರಿವೇಣಿಯವರ ಕಾದಂಬರಿ ತಂದ ದಿನವಂತೂ ಅಮ್ಮ ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದಳು ಎನ್ನುವುದು ಮಾತ್ರ ನಿಜ.

ಬಾಡಿಗೆ ಪುಸ್ತಕವನ್ನು ಹಿಂದಿರುಗಿಸಲೇಬೇಕಲ್ಲ. ಅಮ್ಮ ತನ್ನದೆಂದು ಇಟ್ಟುಕೊಂಡದ್ದು ಬೇರೆಯದೇ. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಗಳ ಹಾಳೆಗಳನ್ನು ವಾರ ವಾರ ಜೋಪಾನವಾಗಿ ಬಿಡಿಸಿ, ಕಂತಿನ ಪ್ರಕಾರ ಜೋಡಿಸಿ, ಹಾಸಿಗೆಯ ಕೆಳಗೆ ಒತ್ತಿಡುತ್ತಿದ್ದಳು. ಕಾದಂಬರಿ ಮುಗಿದ ಮೇಲೆ ದಬ್ಬಳದಲ್ಲಿ ತೂತು ಮಾಡಿ, ಹುರಿ ದಾರದಲ್ಲಿ ಹೊಲಿದು, ಹಳೆಯ ಸೀರೆ ಪೆಟ್ಟಿಗೆಯ ರಟ್ಟು ಹಾಕಿ, ಮೈದಾ ಹಿಟ್ಟಿನ ಅಂಟಿಗೆ ಹುಳು ಹಿಡಿಯದ ಹಾಗೆ ಮೈಲುತುತ್ತ ಬೆರೆಸಿ ಬೈಂಡು ಮಾಡುತ್ತಿದ್ದಳು. ಈ ಲೇಖನ ಓದುತ್ತಿರುವವರಲ್ಲಿ ನನ್ನ ವಯಸ್ಸಿನವರಿದ್ದರೆ ನಿಮ್ಮ ಮನೆಯಲ್ಲೂ ಅಂಥವು ಇದ್ದಿರಬಹುದು. ಅಮ್ಮನ ಹತ್ತಿರ ಒಟ್ಟು ಒಂಬತ್ತು ಬೈಂಡುಗಳಿದ್ದವು.

ಅದರಲ್ಲಿ ಒಂದರ ಕತೆ ಬೇರೆ. ಒಂದು ವಾರ ಪತ್ರಿಕೆ ನಮಗೆ ಬರಲಿಲ್ಲ. ಕಾದಂಬರಿಯ ನಡುವಿನ ಒಂದು ಕಂತು ತಪ್ಪಿಹೋಯಿತು. ಪಕ್ಕದ ಕ್ವಾರ್ಟರ್ಸಿನವರ ಮನೆಯಲ್ಲಿ ಪತ್ರಿಕೆ ಇತ್ತು, ಆದರೆ ಅವರೂ ಧಾರಾವಾಹಿ ಕೂಡಿಸುವವರೇ. ಹಾಳೆ ಕೊಡಲಾರರು. ಒಂದು ರಾತ್ರಿಯ ಮಟ್ಟಿಗೆ ಪತ್ರಿಕೆಯನ್ನು ತಂದು ಅಮ್ಮ ನನ್ನ ಕನ್ನಡ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಇಡೀ ಕಂತನ್ನು ಕೈಯಲ್ಲಿ ನಕಲು ಮಾಡಿದಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅಮ್ಮನ ಅಕ್ಷರ ದೊಡ್ಡದು, ದುಂಡನೆಯದು. ಹದಿನಾಲ್ಕು ಪುಟವಾಯಿತು. ಅಚ್ಚಿನ ಹಾಳೆಗಳ ನಡುವೆ ಆ ಹದಿನಾಲ್ಕು ಪುಟಗಳನ್ನೂ ಸೇರಿಸಿ ಹೊಲಿದಳು. ಅಮ್ಮ ತನ್ನ ಜೀವಮಾನದಲ್ಲಿ ಒಟ್ಟಿಗೆ ಅಷ್ಟು ಬರೆದದ್ದು ಅದೊಂದೇ ಸಲ.

ಇನ್ನು ನನ್ನ ವಿದ್ಯೆಯ ಕತೆ. ಬಿ.ಎ.ಗೆಂದು ಶಿವಮೊಗ್ಗಕ್ಕೆ ಬಂದೆ. ನಮ್ಮ ತರಗತಿಯಲ್ಲಿ ಪಾಠ ಮಾಡುತ್ತಿದ್ದ ಒಬ್ಬ ಮೇಷ್ಟ್ರಿಗೆ ಲೇಖಕಿಯರ ಕಾದಂಬರಿಗಳೆಂದರೆ ತಮಾಷೆ. "ಅಡಿಗೆಮನೆ ಸಾಹಿತ್ಯ, ಒಗ್ಗರಣೆ ವಾಸನೆ ಬರುತ್ತೆ" ಎಂದು ಅವರು ಹೇಳಿದಾಗ ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಮ್ಮ ಮನೆಯ ಅಕ್ಕಿ ಡಬ್ಬದ ಹಿಂದಿನಿಂದ ಬಂದವಳು ನಾನು ಎಂದು ಯಾರಿಗೂ ಗೊತ್ತಾಗಬಾರದಿತ್ತು. ಅಂದಿನಿಂದ ನನ್ನ ಓದಿನ ಪಟ್ಟಿ ಬದಲಾಯಿತು. ನವ್ಯದವರನ್ನು ಓದಿದೆ, ಅರ್ಥವಾಗದ್ದನ್ನು ಅರ್ಥವಾದಂತೆ ತಲೆದೂಗಿದೆ. ಕಾರಂತ, ಕುವೆಂಪು ಅವರನ್ನು ಓದಿದ್ದು ಮಾತ್ರ ನಿಜವಾದ ಲಾಭ. ಬಿ.ಎಡ್. ಮುಗಿಸಿ 1994ರಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಸೀರೆ ತಂದೆ, ನನಗೆ ಆರು ಪುಸ್ತಕ ಕೊಂಡೆ. ಆರರಲ್ಲಿ ಎರಡನ್ನು ಈವರೆಗೂ ಓದಿಲ್ಲ ಎನ್ನುವುದು ಮೊನ್ನೆಯ ಎಣಿಕೆಯಲ್ಲಿ ತಿಳಿಯಿತು.

ಮದುವೆಯಾಗಿ ಬೇರೆ ಮನೆ ಮಾಡಿದಾಗ, ಕ್ವಾರ್ಟರ್ಸಿನಲ್ಲಿ ಜಾಗ ಸಾಲದೆಂದು ಅಮ್ಮ ಒಂಬತ್ತು ಬೈಂಡುಗಳನ್ನು ಟ್ರಂಕಿನಲ್ಲಿ ಹಾಕಿ ನನ್ನ ಸಂಗಡ ಕಳಿಸಿದಳು. "ನಿನ್ನ ಹತ್ರ ಇದ್ರೆ ಭದ್ರವಾಗಿರುತ್ತೆ. ನೀನು ಓದಿದವಳು" ಎಂದಳು. ಎರಡು ವರ್ಷ ಅವು ಟ್ರಂಕಿನಲ್ಲೇ ಇದ್ದವು. ಹೊಸ ಕಪಾಟು ಬಂದಾಗ ಜಾಗ ಹಂಚಬೇಕಾಯಿತು. ಒಂದು ಭಾನುವಾರ ರದ್ದಿ ಪೇಪರಿನವನು ಬೀದಿಯಲ್ಲಿ ಕೂಗುತ್ತಾ ಬಂದ. ಹಳೆಯ ದಿನಪತ್ರಿಕೆಗಳ ಜೊತೆಗೆ ಒಂಬತ್ತು ಬೈಂಡುಗಳನ್ನೂ ತಕ್ಕಡಿಗೆ ಹಾಕಿದೆ. ತೂಕ ಮಾಡುವಾಗ ಅವನು, "ರಟ್ಟು ಐತಲ್ಲಕ್ಕ, ತೂಕ ಜಾಸ್ತಿ ಬತ್ತದೆ" ಎಂದು ರಟ್ಟುಗಳನ್ನು ಕಿತ್ತು ಹಾಕಿದ. ನಾನು ನೋಡುತ್ತಾ ನಿಂತಿದ್ದೆ. ಆ ಹದಿನಾಲ್ಕು ಪುಟಗಳ ನೆನಪು ನನಗೆ ಆಗ ಬರಲೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು. ಯಾವ ಬೈಂಡಿನಲ್ಲಿದೆಯೋ ಹುಡುಕುವುದು ಯಾರು ಎಂದುಕೊಂಡೆ.

ಅಂದು ನಾನು ಮಾಡಿದ ಕೆಲಸಕ್ಕೆ ಸರಿಯಾದ ಹೆಸರು 'ವಿಮರ್ಶೆ' ಎಂದು ಈಗ ನನಗೆ ತೋರುತ್ತದೆ. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನ ಮಾಡುವುದೇ ತಾನೆ ವಿಮರ್ಶೆ? ಪತ್ರಿಕೆಯಲ್ಲಿ ಬರೆದು ಮಾಡುವವರು ಕೆಲವರು, ಕಪಾಟಿನಲ್ಲಿ ಜಾಗ ಕೊಟ್ಟು, ಕೊಡದೆ ಮಾಡುವವರು ನಾವೆಲ್ಲರೂ. ನನ್ನ ತಪ್ಪು ತೀರ್ಮಾನ ಮಾಡಿದ್ದರಲ್ಲಿ ಇರಲಿಲ್ಲ, ಓದದೆ ಮಾಡಿದ್ದರಲ್ಲಿತ್ತು. ಆ ಒಂಬತ್ತು ಕಾದಂಬರಿಗಳಲ್ಲಿ ಒಂದನ್ನೂ ನಾನು ಪೂರ್ತಿಯಾಗಿ ಓದಿರಲಿಲ್ಲ. ಒಬ್ಬ ಮೇಷ್ಟ್ರ ಒಂದು ಹಾಸ್ಯದ ಮಾತಿನ ಬಲದ ಮೇಲೆ ಅವನ್ನು ಕಿಲೋ ಲೆಕ್ಕದಲ್ಲಿ ಮಾರಿದೆ.

ಆ ಮೇಲೆ ನಾನು ಪುಸ್ತಕ ಕೊಳ್ಳುವುದು ಹೆಚ್ಚಾಯಿತು. ಒಂದಕ್ಕೊಂದು ಸಂಬಂಧವಿದೆ ಎಂದು ಆಗ ತಿಳಿಯಲಿಲ್ಲ. ನವೆಂಬರ್ ತಿಂಗಳ ರಿಯಾಯಿತಿ ಮಾರಾಟ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕ, ಧಾರವಾಡಕ್ಕೆ ತರಬೇತಿಗೆ ಹೋದಾಗ ಮನೋಹರ ಗ್ರಂಥಮಾಲೆಯ ಅಟ್ಟ, ಹೆಗ್ಗೋಡಿಗೆ ಹೋದಾಗ ಅಕ್ಷರ ಪ್ರಕಾಶನ, ಎಲ್ಲಿ ಹೋದರೂ ಬರುವಾಗ ಚೀಲ ಭಾರ. ಕೊಳ್ಳುವಾಗ ಒಂದು ಸುಖವಿದೆ, ಅದನ್ನು ಅಲ್ಲಗಳೆಯಲಾರೆ. ಈ ಪುಸ್ತಕ ಓದಲು ಮುಂದೆ ಎಂದೋ ಒಂದು ಬಿಡುವಾದ ಮಧ್ಯಾಹ್ನ ಸಿಗುತ್ತದೆ ಎಂದು ನಮಗೆ ನಾವೇ ಕೊಟ್ಟುಕೊಳ್ಳುವ ಭರವಸೆ ಅದು. ಶಾಲೆ, ಅಡಿಗೆ, ಮಕ್ಕಳ ಓದು, ಅತ್ತೆಯ ಔಷಧಿ, ಮೌಲ್ಯಮಾಪನ, ಜನಗಣತಿ, ಚುನಾವಣಾ ಡ್ಯೂಟಿ ಇವುಗಳ ನಡುವೆ ಆ ಮಧ್ಯಾಹ್ನ ಬರುವುದಿಲ್ಲ. ಬಿಡುವನ್ನು ಕೊಳ್ಳಲಾಗದವರು ಪುಸ್ತಕವನ್ನಾದರೂ ಕೊಳ್ಳುತ್ತೇವೆ. ಇದರ ಪಕ್ಕದಲ್ಲಿ ಅಮ್ಮನನ್ನು ನಿಲ್ಲಿಸಿ ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅಮ್ಮ ಒಂದನ್ನೂ ಕೊಳ್ಳದೆ ಎಲ್ಲವನ್ನೂ ಓದಿದಳು. ನಾನು ಎಲ್ಲವನ್ನೂ ಕೊಂಡೆ.

ಅಪ್ಪ ತೀರಿಕೊಂಡ ಮೇಲೆ 2019ರಲ್ಲಿ ಅಮ್ಮ ನಮ್ಮ ಮನೆಗೆ ಬಂದಳು. ಕಣ್ಣಿನ ಪೊರೆ ತೆಗೆಸಿದ್ದರೂ ಸಣ್ಣ ಅಕ್ಷರ ಓದಲಾಗುತ್ತಿರಲಿಲ್ಲ. ಒಂದು ಸಂಜೆ, "ಇಷ್ಟೊಂದು ಇಟ್ಕೊಂಡಿದ್ದೀಯಲ್ಲೇ, ಏನಾದ್ರೂ ಒಂದು ಓದಿ ಹೇಳು" ಎಂದಳು. ಕೈಗೆ ಸಿಕ್ಕಿದ್ದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. 2006ರ ಸಮ್ಮೇಳನದಲ್ಲಿ ಕೊಂಡದ್ದು, ಓದಿರಲಿಲ್ಲ. ಹನ್ನೊಂದು ಸಂಜೆಗಳಲ್ಲಿ ಓದಿ ಮುಗಿಸಿದೆ. ಸಾಹಿತ್ಯದ ಬಗ್ಗೆ ನಾನು ಕಲಿತ ಅತ್ಯುತ್ತಮ ಪಾಠ ಆ ಹನ್ನೊಂದು ಸಂಜೆಗಳದ್ದು.

ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಇಂದಿರಾ ಅವರಿಗೆ ಹನ್ನೆರಡನೆಯ ವಯಸ್ಸಿಗೆ ಮದುವೆಯಾಯಿತು. ಶಾಲೆಯ ಓದು ಅಲ್ಲಿಗೆ ಮುಗಿಯಿತು. ಮೊದಲ ಕಾದಂಬರಿ 'ತುಂಗಭದ್ರಾ' ಹೊರಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. 'ಫಣಿಯಮ್ಮ' 1976ರದು. ಅದನ್ನು 1983ರಲ್ಲಿ ಪ್ರೇಮಾ ಕಾರಂತರು ಚಿತ್ರ ಮಾಡಿದರು, ತೇಜಸ್ವಿನಿ ನಿರಂಜನ ಅವರು ಇಂಗ್ಲಿಷಿಗೆ ತಂದರು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಮಡಿಯಲ್ಲಿ ನೂರು ವರ್ಷಕ್ಕೂ ಮೀರಿ ಬಾಳಿದ ಹೆಂಗಸೊಬ್ಬಳ ಕತೆ ಅದು. ಇಂದಿರಾ ತಮ್ಮ ಚಿಕ್ಕಂದಿನಲ್ಲಿ ಕಂಡಿದ್ದ ಅಜ್ಜಿಯೊಬ್ಬರ ನಿಜವಾದ ಬದುಕು. ಆಕೆ ಇಂದಿರಾ ಅವರ ತಾಯಿಯೊಂದಿಗೆ ಹೇಳಿಕೊಂಡ ಮಾತುಗಳು ಮಗಳ ಕಿವಿಗೆ ಬಿದ್ದು ಕಾದಂಬರಿಯಾದವು.

ಓದುತ್ತಾ ಹೋದಂತೆ ನಾನು ವಿದ್ಯಾವಂತಳ ಗತ್ತಿನಲ್ಲಿ ಒಂದು ಆಕ್ಷೇಪ ತೆಗೆದೆ. "ಫಣಿಯಮ್ಮ ತುಂಬಾ ಒಳ್ಳೆಯವಳಾದಳು ಅಮ್ಮ. ಇಷ್ಟು ಅನ್ಯಾಯ ಆದವಳಿಗೆ ಸಿಟ್ಟೇ ಬರೋದಿಲ್ವಾ?" ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ಬೈದಿದ್ರೆ ಕೇಳಿದವರು, ಸರಿ, ಬೈದು ಸಮಾಧಾನ ಮಾಡಿಕೊಂಡಳು ಅಂತ ಮಲಗಿಬಿಡ್ತಾರೆ. ಬೈಯಲಿಲ್ಲವಲ್ಲ, ಅದಕ್ಕೇ ನಮಗೆ ನಿದ್ದೆ ಬರೋದಿಲ್ಲ" ಎಂದಳು. ನಾನು ಪುಸ್ತಕ ಮಡಚಿ ಅಮ್ಮನ ಮುಖ ನೋಡಿದೆ. ಬಿ.ಎ.ಯ ಮೂರು ವರ್ಷಗಳಲ್ಲಿ ಒಂದು ಕಾದಂಬರಿಯ ಧಾಟಿಯ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಕೇಳಿರಲಿಲ್ಲ.

ಆದರೂ ನಾನು ನನ್ನ ಆಕ್ಷೇಪವನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಫಣಿಯಮ್ಮನ ಒಳಗೆ ಏಳಬೇಕಾದ ಸಿಟ್ಟನ್ನು ಇಂದಿರಾ ಇನ್ನೊಬ್ಬಳಿಗೆ, ತಲೆ ಬೋಳಿಸಿಕೊಳ್ಳಲು ಒಪ್ಪದ ಚಿಕ್ಕ ವಯಸ್ಸಿನ ವಿಧವೆ ದಾಕ್ಷಾಯಣಿಗೆ ಕೊಟ್ಟುಬಿಟ್ಟಿದ್ದಾರೆ. ಹಿರಿಯಳನ್ನು ಕಳಂಕವಿಲ್ಲದೆ ಉಳಿಸಿಕೊಳ್ಳುವ ಆಸೆ ಲೇಖಕಿಗೆ ಇತ್ತೇನೋ ಎನಿಸುತ್ತದೆ. ಆದರೆ ದಾಕ್ಷಾಯಣಿಯ ಪರವಾಗಿ ನಿಲ್ಲುವವಳು ಅದೇ ಫಣಿಯಮ್ಮ. ಇಡೀ ಜೀವನ ಶಾಸ್ತ್ರಕ್ಕೆ ತಲೆಬಾಗಿದವಳು ಇನ್ನೊಬ್ಬಳ ತಲೆ ಉಳಿಸಲು ಬಾಯಿ ತೆರೆಯುತ್ತಾಳೆ. ಹೀಗೆ ಹೇಳಿದಾಗ ಅಮ್ಮ, "ಅಂದ್ರೆ ಸಿಟ್ಟು ಇತ್ತು ಅಂತಾಯ್ತಲ್ಲ" ಎಂದು ನಕ್ಕಳು.

ಮುಂದಿನ ಪುಸ್ತಕ ಯಾವುದು ಎಂದಾಗ ಅಮ್ಮ ಕೇಳಿದ್ದು ತ್ರಿವೇಣಿಯವರ 'ಶರಪಂಜರ'. ಅನಸೂಯಾ ಶಂಕರ್ ಎಂಬ ಹೆಸರಿನ ತ್ರಿವೇಣಿ ಹುಟ್ಟಿದ್ದು 1928ರಲ್ಲಿ, ಹೋದದ್ದು 1963ರಲ್ಲಿ. 1953ರಲ್ಲಿ 'ಅಪಸ್ವರ'ದಿಂದ ಹತ್ತೇ ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದರು. ಮನಶ್ಶಾಸ್ತ್ರ ಓದಿದವರು. ಪುಟ್ಟಣ್ಣ ಕಣಗಾಲರ 1971ರ ಚಿತ್ರ ಎಷ್ಟು ಪ್ರಸಿದ್ಧವಾಯಿತೆಂದರೆ ಇವತ್ತು 'ಶರಪಂಜರ' ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕಲ್ಪನಾ. ಪುಸ್ತಕ ಓದಿದ್ದೇವೆ ಎಂದುಕೊಂಡವರಲ್ಲಿ ಅರ್ಧ ಜನ ನೋಡಿರುವುದು ಚಿತ್ರವನ್ನೇ. ನಾನೂ ಅವರಲ್ಲೊಬ್ಬಳು.

ಬಾಣಂತಿತನದಲ್ಲಿ ಕಾವೇರಿಯ ಮನಸ್ಸಿನ ಸ್ತಿಮಿತ ತಪ್ಪುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗುತ್ತಾಳೆ. ಮನೆಗೆ ಮರಳುತ್ತಾಳೆ. ಕತೆ ನಿಜವಾಗಿ ಅಲ್ಲಿಂದ ಶುರು. ಮನೆಯವರಿಗೆ, ನೆರೆಯವರಿಗೆ ಅವಳು ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ. ಗಂಡನ ಮನಸ್ಸು ಬೇರೆಡೆಗೆ ಹೋಗಿದೆ. ವೈದ್ಯರು ವಾಸಿ ಮಾಡಿದ್ದನ್ನು ಮನೆ ಕೆಡಿಸುತ್ತದೆ. ಅವಳು ಮತ್ತೆ ಆಸ್ಪತ್ರೆ ಸೇರುತ್ತಾಳೆ. ಬಾಣಂತಿಯ ಸನ್ನಿ ಎಂದರೆ ಗಾಳಿ ಸೋಂಕು, ದೆವ್ವ ಎಂದು ನಂಬುತ್ತಿದ್ದ ಕಾಲದಲ್ಲಿ, ಅದೊಂದು ಕಾಯಿಲೆ, ವಾಸಿಯಾಗುವಂಥದು ಎಂದು ಈ ಪುಸ್ತಕ ಮನೆಮನೆಯ ಹೆಂಗಸರಿಗೆ ಹೇಳಿತು. ಅಡಿಗೆಮನೆ ಸಾಹಿತ್ಯವೆಂದು ನಕ್ಕ ನಮ್ಮ ಮೇಷ್ಟ್ರು ಈ ಸಂಗತಿಯನ್ನು ಗಮನಿಸಿದ್ದರೋ ಇಲ್ಲವೋ. ಅಡಿಗೆಮನೆಗೇ ಹೋಗಿ ಹೇಳಬೇಕಾದ ಮಾತನ್ನು ಬೇರೆ ಎಲ್ಲಿ ಹೇಳಬೇಕಿತ್ತು?

ತ್ರಿವೇಣಿಯವರಲ್ಲಿ ಕೊರತೆಗಳಿಲ್ಲವೆಂದಲ್ಲ. ಅವರ ಕಾದಂಬರಿಗಳ ಮನೆಗಳು ಬಹುಮಟ್ಟಿಗೆ ಉಂಡುಟ್ಟು ನೆಮ್ಮದಿಯಾಗಿರುವವರ ಮನೆಗಳು. ಅಲ್ಲಿ ಕಸ ಮುಸುರೆ ಮಾಡುವವಳ ಮನಸ್ಸಿನೊಳಗೆ ಏನಿದೆ ಎಂದು ಇಣುಕಿ ನೋಡುವುದು ಕಡಿಮೆ. ಕೆಲವೆಡೆ ಮಾತು ಪಾಠದಂತೆ ಕೇಳಿಸುತ್ತದೆ, ಪಾಠ ಮಾಡಿ ಬದುಕುವ ನನಗೇ ಅದು ಬೇಗ ತಿಳಿಯುತ್ತದೆ. ಧಾರಾವಾಹಿಗಳ ಕಾಲದಲ್ಲಿ ಇವರಿಬ್ಬರ ದಾರಿ ಹಿಡಿದು ಬಂದ ಎಷ್ಟೋ ಕಾದಂಬರಿಗಳು ಮದುವೆ ಮಂಟಪಕ್ಕೆ ಬಂದು ಕೈ ತೊಳೆದುಕೊಂಡವು ಎನ್ನುವುದೂ ನಿಜ. ಅಮ್ಮನಿಗೂ ಅದು ಗೊತ್ತಿತ್ತು. "ಅವು ಟೈಂ ಪಾಸ್ ಕಣೇ, ಇವು ಬೇರೆ" ಎಂದು ಒಂದೇ ಮಾತಿನಲ್ಲಿ ಬೇರ್ಪಡಿಸುತ್ತಿದ್ದಳು. ಓದಿ ಓದಿ ಬಂದ ವಿವೇಕ ಅದು. ನಮ್ಮ ಮೇಷ್ಟ್ರು ಎಲ್ಲವನ್ನೂ ಒಂದೇ ಮೂಟೆ ಕಟ್ಟಿದರು, ನಾನು ಆ ಮೂಟೆಯನ್ನು ತಕ್ಕಡಿಗೆ ಹಾಕಿದೆ.

ಕನ್ನಡದಲ್ಲಿ ಹೆಂಗಸರ ಪುಸ್ತಕಗಳಿಗೆ ಓದುಗರನ್ನು ಹುಡುಕಿಕೊಡಲು ಎಷ್ಟು ಜನ ಎಷ್ಟು ಕಷ್ಟಪಟ್ಟಿದ್ದಾರೆಂದು ನೆನೆದರೆ ನನ್ನ ಈ ಕೆಲಸ ಇನ್ನೂ ಚುಚ್ಚುತ್ತದೆ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ 1910ರ ದಶಕದಲ್ಲೇ 'ಸತೀ ಹಿತೈಷಿಣಿ' ಎಂಬ ಗ್ರಂಥಮಾಲೆ ನಡೆಸಿ, ತಾವೇ ಬರೆದು, ತಾವೇ ಪ್ರಕಟಿಸಿದರು. 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಆರ್. ಕಲ್ಯಾಣಮ್ಮ 1921ರಿಂದ ನಾಲ್ಕು ದಶಕ 'ಸರಸ್ವತಿ' ಪತ್ರಿಕೆ ನಡೆಸಿದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದವರು ಹೊತ್ತು ತಂದು ಮನೆ ಬಾಗಿಲಿಗೆ ಮುಟ್ಟಿಸಿದ್ದನ್ನು ಓದಿದವರಾದ ನಾವು ಅದೇ ಬಾಗಿಲಲ್ಲಿ ರದ್ದಿಯವನ ಕೈಗೆ ಕೊಡುತ್ತೇವೆ.

'ಶರಪಂಜರ' ಮುಗಿದ ದಿನ ಅಮ್ಮ ಕೇಳಿದಳು. "ನನ್ನ ಬೈಂಡುಗಳಿದ್ವಲ್ಲ, ಅದರಲ್ಲಿ ಒಂದು ತೆಗೆಯೇ. ನಾನು ಕೈಲಿ ಬರೆದಿದ್ದೆನಲ್ಲ, ಅದು. ಅಕ್ಷರ ದೊಡ್ಡದಿದೆ, ಅಷ್ಟನ್ನ ನಾನೇ ಓದಬಹುದು." ನಾನು, "ಅಟ್ಟದ ಮೇಲಿದೆ ಅಮ್ಮ. ಯಾರನ್ನಾದ್ರೂ ಕರೆದು ಇಳಿಸ್ತೀನಿ" ಎಂದೆ. ಅಮ್ಮ ಆಯಿತು ಎಂದಳು. ಮತ್ತೆರಡು ವರ್ಷ ಇದ್ದಳು. ಇನ್ನೊಮ್ಮೆ ಕೇಳಲೇ ಇಲ್ಲ. ಮರೆತಳೋ, ಗೊತ್ತಾಗಿ ಸುಮ್ಮನಾದಳೋ ನನಗೆ ತಿಳಿಯದು. ಬೈಯಲಿಲ್ಲವಲ್ಲ, ಅದಕ್ಕೇ ನನಗೆ ನಿದ್ದೆ ಬರುವುದಿಲ್ಲ. 2021ರಲ್ಲಿ ಅಮ್ಮ ಹೋದಳು.

ಆ ಮೇಲೆ ನಾನು ಹೊಸ ಪುಸ್ತಕದ ಅಂಗಡಿಗಿಂತ ಹೆಚ್ಚಾಗಿ ರದ್ದಿ ಅಂಗಡಿಗಳಿಗೆ ಹೋಗತೊಡಗಿದೆ. ಮಾರಿದ್ದು ಇಪ್ಪತ್ತು ವರ್ಷಗಳಿಗೂ ಹಿಂದೆ, ಅದು ಸಿಗುವುದಿಲ್ಲ ಎಂಬ ತಿಳಿವಳಿಕೆ ನನಗಿದೆ. ಕಾಲು ಮಾತ್ರ ಹೋಗುತ್ತದೆ. ಹೋದ ವರ್ಷ ಒಂದು ಅಂಗಡಿಯಲ್ಲಿ ಹಳೆಯ ಬೈಂಡೊಂದು ಸಿಕ್ಕಿತು. ನಲವತ್ತು ರೂಪಾಯಿ ಕೊಟ್ಟು ತಂದೆ. ಯಾರೋ ಹೆಂಗಸು ಹೊಲಿದದ್ದು. ಹೊಲಿಗೆ ಅಮ್ಮನದಕ್ಕಿಂತ ಸೊಗಸಾಗಿದೆ. ಒಳರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಹಾಲಿನ ಲೆಕ್ಕ ಬರೆದಿದೆ. ಅಂದೇ ರಾತ್ರಿ ಕೂತು ಓದಿದೆ. ಕಾದಂಬರಿ ಸಾಧಾರಣವಾದದ್ದು. ಅಮ್ಮ ಇದ್ದಿದ್ದರೆ 'ಟೈಂ ಪಾಸ್' ಪಟ್ಟಿಗೆ ಹಾಕುತ್ತಿದ್ದಳು. ಹಾಗೆಂದು ಹೇಳುವ ಹಕ್ಕು ಈ ಸಲ ನನಗಿದೆ, ಕೊನೆಯ ಪುಟದವರೆಗೆ ಓದಿದ್ದೇನೆ. ಅದನ್ನು ಕಪಾಟಿನಲ್ಲಿ 'ಫಣಿಯಮ್ಮ'ನ ಪಕ್ಕದಲ್ಲೇ ಇಟ್ಟಿದ್ದೇನೆ. ಒಂದು ಅದರಲ್ಲಿರುವ ಕತೆಗಾಗಿ, ಇನ್ನೊಂದು ಅದನ್ನು ಹೊಲಿದ ಕೈಗಾಗಿ.

ಹುಚ್ಚು ಬಿಟ್ಟಿತೆಂದು ಹೇಳಿದರೆ ನಮ್ಮ ಯಜಮಾನರು ನಂಬುವುದಿಲ್ಲ. ನಂಬಬಾರದು ಕೂಡ. ಒಂದು ನಿಯಮ ಮಾಡಿಕೊಂಡಿದ್ದೇನೆ: ಆ 470ರಲ್ಲಿ ಎರಡನ್ನು ಓದಿ ಮುಗಿಸಿದರೆ ಹೊಸದೊಂದನ್ನು ಕೊಳ್ಳಬಹುದು. ರಜೆಯಿಂದ ಈಚೆಗೆ ಹದಿಮೂರನ್ನು ಓದಿದೆ. ಕೊಂಡದ್ದು ಒಂಬತ್ತು. ಲೆಕ್ಕದ ಮೇಷ್ಟ್ರಾಗಿದ್ದರೆ ನನ್ನನ್ನು ನಾನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಎರಡೆರಡು ಪ್ರತಿ ಇದ್ದವನ್ನು ನಮ್ಮ ಶಾಲೆಯ ಅಡಿಗೆ ಸಹಾಯಕಿಯರಿಗೆ ಕೊಟ್ಟೆ. ಅವರಲ್ಲಿ ಒಬ್ಬಾಕೆ ಎಂಟು ದಿನಕ್ಕೆ 'ಶರಪಂಜರ'ವನ್ನು ಹಿಂದಕ್ಕೆ ತಂದು, "ಇನ್ನೊಂದು ಐತಾ ಮೇಡಂ?" ಎಂದಳು. ಇಟ್ಟುಕೋ ಎಂದರೆ, "ಮನೇಲಿ ಜಾಗ ಎಲ್ಲೈತೆ? ಓದಿ ಕೊಡ್ತೀನಿ" ಎಂದಳು.

ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ ಇಂಥ ಬೈಂಡುಗಳಿದ್ದರೆ ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಅಷ್ಟು ಜಾಗವಿಲ್ಲ, ಎಲ್ಲ ಪುಸ್ತಕಗಳೂ ಇಟ್ಟುಕೊಳ್ಳುವಂಥವಲ್ಲ. ರದ್ದಿಯವನನ್ನು ಕರೆಯುವ ಮುಂಚೆ ಒಮ್ಮೆ ಪುಟ ತಿರುವಿ ನೋಡಿ. ಅಚ್ಚಿನ ಹಾಳೆಗಳ ನಡುವೆ ಕೈಬರಹದ ಪುಟಗಳಿದ್ದರೆ, ಅವನ್ನು ಬರೆದವರು ಇನ್ನೂ ಇದ್ದರೆ, ಅವರ ಹತ್ತಿರ ಕೂತು ಓದಿ ಹೇಳಿ.